ಸುರುಳಿ ಮೇಸ್ತ್ರಿಯ ಕೈಬರಹ

ನಮ್ಮ ಆಫೀಸಿಗೆ ಹೊಸದಾಗಿ ಬಂದವರಿಗೆಲ್ಲ ಮೊದಲ ದಿನವೇ ಗೆರೆಯಕ್ಕನ ಬಗ್ಗೆ ಎಚ್ಚರಿಕೆ ಕೊಡುತ್ತಾರೆ. ಎಂಟು ವರ್ಷದ ಹಿಂದೆ ನನಗೂ ಕೊಟ್ಟಿದ್ದರು. ಅವರ ಪೆನ್ಸಿಲ್ ಮುಟ್ಟಬೇಡ, ಅವರು ಗೆರೆ ನೋಡುವಾಗ ಮಾತಾಡಿಸಬೇಡ, ಅವರ ಗಂಡನ ವಿಷಯ ಎತ್ತಬೇಡ. ಬೇಡ ಎಂದದ್ದನ್ನು ಮೊದಲು ಮಾಡುವುದು ನನ್ನ ಹುಟ್ಟುಗುಣ. ಅವರ ಪೆನ್ಸಿಲ್ ಎತ್ತಿಕೊಂಡು, ಅವರು ಪರದೆಗೆ ಕಣ್ಣು ನೆಟ್ಟು ಕೂತಿರುವಾಗಲೇ, "ಅಕ್ಕ, ನಿಮ್ಮ ಯಜಮಾನ್ರು ಏನ್ ಕೆಲಸ ಮಾಡ್ತಾರೆ?" ಎಂದು ಕೇಳಿಬಿಟ್ಟೆ. ಅಕ್ಕ ತಲೆ ತಿರುಗಿಸದೆ, "ಸುರುಳಿ ಸುತ್ತೋ ಕೆಲಸ ಮಾಡ್ತಿದ್ರು. ಈಗ ಇಲ್ಲ. ಅವರ ಸುರುಳಿ ಇನ್ನೂ ಕೆಲಸ ಮಾಡ್ತಿದೆ, ನೋಡು ಬೇಕಾದ್ರೆ" ಎಂದು ಪರದೆಯ ಮೇಲೆ ಅಲುಗುತ್ತಿದ್ದ ಒಂದು ಗೆರೆಯನ್ನು ತೋರಿಸಿದರು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು. ಅಕ್ಕ ಮಾತ್ರ ಪೆನ್ಸಿಲ್ ವಾಪಸ್ ಇಸಿದುಕೊಂಡು ಕೆಲಸ ಮುಂದುವರಿಸಿದರು.

ಆ ಕೆಲಸ ಏನೆಂದು ನಾನೇ ಚುಟುಕಾಗಿ ಹೇಳಿಬಿಡುತ್ತೇನೆ. ನಮ್ಮ ಮುಖ್ಯಸ್ಥರು, ಅಂದರೆ ದೊಡ್ಡ ಸಾರ್, ಹೇಳಲು ಶುರು ಮಾಡಿದರೆ ಊಟದ ಹೊತ್ತು ಮೀರುತ್ತದೆ. ಭೂಮಿಯ ಸುತ್ತ ಅಯಸ್ಕಾಂತದ ಬಲ ಹಬ್ಬಿಕೊಂಡಿದೆ. ಸೂರ್ಯನಿಂದ ಎಡೆಬಿಡದೆ ಬೀಸುವ ಕಣಗಳ ಗಾಳಿ ಆ ಬಲವನ್ನು ಭೂಮಿಯ ಕತ್ತಲ ಬದಿಗೆ ಎಳೆದೂ ಎಳೆದೂ ಲಕ್ಷಾಂತರ ಕಿಲೋಮೀಟರ್ ಉದ್ದದ ಬಾಲ ಮಾಡಿಬಿಟ್ಟಿದೆ. ಬಾಲದ ಮೇಲರ್ಧದಲ್ಲಿ ಬಲದ ರೇಖೆಗಳು ಭೂಮಿಯತ್ತ ಬರುತ್ತವೆ, ಕೆಳಗಿನರ್ಧದಲ್ಲಿ ಭೂಮಿಯಿಂದ ದೂರ ಹೋಗುತ್ತವೆ, ನಡುವೆ ಒಂದು ಪದರ. ಆ ಪದರ ತೀರಾ ತೆಳ್ಳಗಾದಾಗ ಎಲ್ಲೋ ಒಂದೆಡೆ ಮೇಲಿನ ರೇಖೆಯೂ ಕೆಳಗಿನ ರೇಖೆಯೂ ತುಂಡಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನಾವು ಇದನ್ನು ಮರುಜೋಡಣೆ ಎನ್ನುತ್ತೇವೆ. ಕೂಡಿದ್ದೇ ತಡ, ಎಳೆದು ಬಿಟ್ಟ ರಬ್ಬರಿನಂತೆ ಒಂದು ಪಾಲು ಭೂಮಿಯ ಕಡೆಗೂ ಇನ್ನೊಂದು ಪಾಲು ಆಚೆಗೂ ಚಿಮ್ಮುತ್ತದೆ. ಧ್ರುವದ ಆಕಾಶದಲ್ಲಿ ಬಣ್ಣದ ಬೆಳಕು ಕುಣಿಯುವುದೆಲ್ಲ ಇದರ ನಂತರದ ಗದ್ದಲ.

ನಮ್ಮ ನೌಕೆ ವರ್ಷದಲ್ಲಿ ನಾಲ್ಕು ತಿಂಗಳು ಈ ಬಾಲದಲ್ಲಿ ಸುತ್ತುತ್ತದೆ. ನಾಲ್ಕು ತಿಂಗಳು ಬಾಲ, ಉಳಿದ ಎಂಟು ತಿಂಗಳು ಮೀಟಿಂಗ್ ಎಂದು ನಾವು ನಗುತ್ತೇವೆ. ಗದ್ದಲ ಅದಕ್ಕೆ ವಾರಕ್ಕೊಮ್ಮೆ ಸಿಗುತ್ತದೆ. ರೇಖೆಗಳು ಕೂಡುವ ಜಾಗವೇ ಬೇಕೆಂದರೆ ನೌಕೆ ಸರಿಯಾದ ಹೊತ್ತಿಗೆ ಸರಿಯಾಗಿ ಅಲ್ಲೇ ಇರಬೇಕು. ಬೇರೆ ದೇಶದವರ ನೌಕೆಗಳು ಆ ಜಾಗವನ್ನು ಹೊಕ್ಕು ಬಂದಿವೆ. ನಮ್ಮದಕ್ಕೆ ಆ ಯೋಗ ಬಂದಿದ್ದು ಎರಡೇ ಸಲ, ಅದರ ಕತೆ ಮುಂದೆ ಹೇಳುತ್ತೇನೆ.

ನೌಕೆ ಕಂಡದ್ದೆಲ್ಲ ನಮಗೆ ಬರುವುದಿಲ್ಲ. ಒರಟು ಗೆರೆ ದಿನಾ ಬರುತ್ತದೆ. ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗವನ್ನೂ ಬಿಡದೆ ಬರೆದುಕೊಂಡ ಸೂಕ್ಷ್ಮ ದಾಖಲೆ ಮಾತ್ರ ಮೇಲೆ ಮೆಮೊರಿಯಲ್ಲೇ ಇರುತ್ತದೆ. ಅಷ್ಟನ್ನೂ ಇಳಿಸಿಕೊಳ್ಳಲು ನಮ್ಮ ದೊಡ್ಡ ಆಂಟೆನಾಕ್ಕೆ ಪುರುಸೊತ್ತಿಲ್ಲ. ಹಾಗಾಗಿ ಯಾರಾದರೂ ಒರಟು ಗೆರೆ ನೋಡಿ, ಯಾವ ನಿಮಿಷದಲ್ಲಿ ಹುರುಳಿದೆ ಎಂದು ಊಹಿಸಿ, ನೂರಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಹೆಚ್ಚು ಅಂಕದ್ದು ಮೊದಲು ಇಳಿಯುತ್ತದೆ. ಕಡಿಮೆ ಅಂಕದ್ದರ ಮೇಲೆ ನಾಳೆಯ ದಾಖಲೆ ಕೂತು ಅದು ಅಳಿಸಿಹೋಗುತ್ತದೆ. ಉತ್ತರಪತ್ರಿಕೆ ತಿದ್ದುವ ಮೇಷ್ಟ್ರ ಕೆಲಸವೇ, ಆದರೆ ಇಲ್ಲಿ ನಪಾಸಾದವರಿಗೆ ಇನ್ನೊಂದು ಪರೀಕ್ಷೆ ಇಲ್ಲ. ಹದಿನೇಳು ವರ್ಷದಿಂದ ಆ ಅಂಕ ಹಾಕುತ್ತಿದ್ದವರು ಗೆರೆಯಕ್ಕ. ದೊಡ್ಡ ಓದು ಓದಿದವರಲ್ಲ, ಡಿಪ್ಲೊಮಾ ಮುಗಿಸಿ ಸೇರಿದವರು. ಗೆರೆ ಓದುವುದರಲ್ಲಿ ಮಾತ್ರ ಡಾಕ್ಟರೇಟು ಮಾಡಿದವರೂ ಅವರ ಕುರ್ಚಿಯ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದರು.

ಅಕ್ಕನ ಗಂಡ ಇದೇ ಸಂಸ್ಥೆಯ ಕಾರ್ಯಾಗಾರದಲ್ಲಿದ್ದರು. ಎಲ್ಲರೂ ಕರೆಯುತ್ತಿದ್ದುದು ಸುರುಳಿ ಮೇಸ್ತ್ರಿ ಎಂದು. ನೌಕೆಯ ತೋಳಿನ ತುದಿಯಲ್ಲಿ, ಅಯಸ್ಕಾಂತ ಬಲದ ಅಲುಗಾಟವನ್ನು ಹಿಡಿಯುವ ಒಂದು ಸುರುಳಿ ಇದೆ. ಕೂದಲಿಗಿಂತ ಸಣ್ಣ ತಾಮ್ರದ ತಂತಿ, ಹತ್ತು ಸಾವಿರಕ್ಕೂ ಮಿಕ್ಕಿ ಸುತ್ತು. ಯಂತ್ರ ತಿರುಗಿಸುತ್ತದೆ, ಆದರೆ ತಂತಿಯನ್ನು ಬೆರಳಿನಲ್ಲಿ ಹಿಡಿದು ನಡೆಸಬೇಕು, ತುಸು ಬಿಗಿಯಾದರೂ ತುಂಡು. ಒಂದಾದ ಮೇಲೊಂದರಂತೆ ಹನ್ನೊಂದು ಸುರುಳಿ ಹಾಳಾದವಂತೆ. ಹನ್ನೆರಡನೆಯದು ನಿಂತಿತು. ಅಷ್ಟರಲ್ಲಿ ಹದಿನಾಲ್ಕು ತಿಂಗಳು ಕಳೆದಿತ್ತು.

ಎಲ್ಲ ಪರೀಕ್ಷೆ ಮುಗಿದು, ಪರೀಕ್ಷೆಯ ಕೋಣೆಯ ಕಂಪ್ಯೂಟರಿಗೆ ಹೋಗುವ ತಂತಿಗಳನ್ನೂ ಬಿಚ್ಚಿದ ಮೇಲೆ, ಮೇಸ್ತ್ರಿ ಜೇಬಿನಿಂದ ಬೆರಳುದ್ದದ ಅಯಸ್ಕಾಂತ ತೆಗೆದು ಸುರುಳಿಯ ಮುಂದೆ ಗಾಳಿಯಲ್ಲಿ ಆಡಿಸಿದರು. ಎರಡು ನಿಮಿಷ ಹತ್ತು ಸೆಕೆಂಡು. ಸುರುಳಿ ಬದುಕಿದೆಯೋ ಇಲ್ಲವೋ ಕೊನೆಯ ಸಲ ನೋಡಿದೆ ಎಂದು ಮೇಲಿನವರಿಗೆ ಹೇಳಿ ಚೆನ್ನಾಗಿ ಬೈಸಿಕೊಂಡರು. ಆ ಹೊತ್ತಿನಲ್ಲಿ ನೌಕೆಯ ಮೆಮೊರಿ ಎಚ್ಚರವಾಗಿತ್ತು, ಕೈ ಆಡಿದ್ದನ್ನೆಲ್ಲ ಬರೆದುಕೊಂಡಿತು, ಕೆಳಗೆ ಅದರ ಪ್ರತಿ ಉಳಿಯಲಿಲ್ಲ. ಮನೆಗೆ ಬಂದು ಹೆಂಡತಿಗೆ, "ನಿಂಗೊಂದು ಮಾತು ಬರ್ದಿದೀನಿ ಅದ್ರಲ್ಲಿ" ಎಂದರಂತೆ.

"ಏನ್ ಬರ್ದ್ರಿ?"

"ಗೆರೆ ಓದೋದು ನಿನ್ನ ಕೆಲಸ. ಬಂದಾಗ ಓದ್ಕೋ."

ನೌಕೆ ಮೇಲೇರಿ ಎರಡು ತಿಂಗಳಾದ ಮೇಲೆ ಮೆಮೊರಿಯ ಪಟ್ಟಿಯಲ್ಲಿ ಆ ಹಳೆಯ ತುಣುಕು ಕಣ್ಣಿಗೆ ಬಿತ್ತು. ಅಳಿಸಿಹಾಕುವ ಬದಲು ಅಕ್ಕ ಅದಕ್ಕೆ 'ಇಟ್ಟುಕೋ, ಕಳಿಸಬೇಡ' ಎಂಬ ಗುರುತು ಹಾಕಿದರು. ಆಂಟೆನಾ ಬಿಡುವಾದಾಗ ಒಂದು ದಿನ ತರಿಸಿಕೊಂಡರಾಯಿತು ಎಂದು ಗಂಡ ಹೆಂಡತಿ ಇಬ್ಬರೂ ಅಂದುಕೊಂಡಿದ್ದರು. ಬಿಡುವು ಆಗುವ ಮೊದಲೇ ಒಂದು ತಪ್ಪು ನಡೆಯಿತು.

ಅದು ಎರಡನೆಯ ವರ್ಷದ ಬಾಲದ ತಿಂಗಳು. ಒರಟು ಗೆರೆಯಲ್ಲಿ ಕಣಗಳ ರಭಸ ಮೊದಲು ಭೂಮಿಯಿಂದ ಆಚೆಗೆ ಇತ್ತು, ಆಮೇಲೆ ಭೂಮಿಯ ಕಡೆಗೆ ತಿರುಗಿತು. ಎರಡರ ನಡುವೆ ಒಂದಿಷ್ಟು ಹೊತ್ತು ಸಪ್ಪೆ. ಬಲ ಸೊನ್ನೆಯ ಹತ್ತಿರ, ಗೆರೆ ನೆಟ್ಟಗೆ. ಆಗಿನ ನಿಯಮ, ಎಲ್ಲಿ ಏರಿಳಿತ ದೊಡ್ಡದೋ ಅಲ್ಲಿ ಅಂಕ ಹೆಚ್ಚು. ಅಕ್ಕ ನಿಯಮದಂತೆಯೇ ಎರಡು ಕಡೆಯ ರಭಸಕ್ಕೂ ತೊಂಬತ್ತರ ಮೇಲೆ ಕೊಟ್ಟು, ನಡುವಿನ ಸಪ್ಪೆಗೆ ಹನ್ನೆರಡು ಹಾಕಿದರು. ದೊಡ್ಡ ಸಾರ್ ಒಂದು ವಾರದ ಮೇಲೆ ಊರಿಂದ ಬಂದು ನೋಡಿದರೆ, ರಭಸ ದಿಕ್ಕು ಬದಲಿಸಿದೆ. ಅಂದರೆ ರೇಖೆಗಳು ಕೂಡುವ ಜಾಗವೇ ನೌಕೆಯ ಮೇಲೆ ಹಾದುಹೋಗಿದೆ. ಅಲ್ಲಿ ಬಲ ಸೊನ್ನೆಗೆ ಇಳಿಯಲೇಬೇಕು. ಸಪ್ಪೆ ಎಂದು ಬಿಟ್ಟದ್ದೇ ಆ ಜಾಗ. ಅಷ್ಟರಲ್ಲಿ ಅದರ ಮೇಲೆ ಬೇರೆ ದಾಖಲೆ ಕೂತು ಆರು ದಿನವಾಗಿತ್ತು.

ಯಾರೂ ಅಕ್ಕನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ನಾನು ಈಗಲೂ ಹೇಳುತ್ತೇನೆ, ಬೈಸಿಕೊಂಡವರು ಮರೆಯುತ್ತಾರೆ. ಮೇಸ್ತ್ರಿ, "ಹೋಗ್ಲಿ ಬಿಡು, ಮತ್ತೆ ಸಿಗುತ್ತೆ. ಅಷ್ಟು ಕಷ್ಟಪಟ್ಟು ಸುತ್ತಿರೋದು ಒಂದೇ ದಿನಕ್ಕಾ?" ಎಂದರಂತೆ. ಅಕ್ಕ ಅವತ್ತಿನಿಂದ ಆಂಟೆನಾದ ಒಂದು ಸೆಕೆಂಡನ್ನೂ ತಮಗಾಗಿ ಕೇಳಲಿಲ್ಲ. ಸಂಸ್ಥೆಯ ಅಷ್ಟು ದೊಡ್ಡ ವಸ್ತುವನ್ನು ಕಳೆದವಳು ತನ್ನ ಗಂಡನ ತಮಾಷೆಯನ್ನು ಇಳಿಸಿಕೊಡಿ ಎಂದು ಯಾವ ಬಾಯಲ್ಲಿ ಕೇಳಲಿ ಎಂಬುದು ಅವರ ವಾದ.

ನಾಲ್ಕು ವರ್ಷದ ಮೇಲೆ ಒಂದು ಬೆಳಗ್ಗೆ ಕೆಲಸಕ್ಕೆ ಹೊರಟ ಮೇಸ್ತ್ರಿ ಶೂ ಕಟ್ಟಿಕೊಳ್ಳಲು ಬಗ್ಗಿದವರು ಮತ್ತೆ ಏಳಲಿಲ್ಲ. ಮನೆಯಲ್ಲಿ ಅಕ್ಕ ಮತ್ತು ಅತ್ತೆ ಇಬ್ಬರೇ ಉಳಿದರು. ಆ ಅತ್ತೆಯನ್ನು, ಅಂದರೆ ಮೇಸ್ತ್ರಿಯ ತಾಯಿಯನ್ನು, ನಾನು ಅಜ್ಜಿ ಎಂದು ಕರೆಯುತ್ತೇನೆ. ನಾನು ಪಕ್ಕದ ಬೀದಿಯಲ್ಲೇ ಇರುವುದರಿಂದ ಸಂಜೆ ಅಕ್ಕನ ಜೊತೆ ನಡೆದು ಬಂದು, ಅವರ ಮನೆಯ ಚಹಾ ಕುಡಿದೇ ಹೋಗುವುದು ರೂಢಿ. ಎಂಬತ್ತನಾಲ್ಕು ವರ್ಷದ ಅಜ್ಜಿಗೆ ಬಾಲ, ರೇಖೆ ಯಾವುದೂ ಬೇಕಿರಲಿಲ್ಲ. ಮಗ ಸುತ್ತಿದ ಸುರುಳಿ ಮೇಲಿದೆ, ಸೊಸೆ ಅದನ್ನು ದಿನಾ ವಿಚಾರಿಸುತ್ತಾಳೆ, ಇಷ್ಟು ಗೊತ್ತಿತ್ತು. ಅಕ್ಕ ಚಪ್ಪಲಿ ಬಿಡುವುದರೊಳಗೆ ಅಜ್ಜಿ ಒಳಗಿನಿಂದ ಕೂಗುತ್ತಿದ್ದಳು.

"ಏನಂತಾನೆ ಇವತ್ತು ನನ್ನ ಮಗ?"

"ಇವತ್ತು ಸುಮ್ನಿದ್ರು ಅತ್ತೆ."

"ಸುಮ್ನಿರೋ ಜಾತಿ ಅಲ್ಲವಲ್ಲ ಅದು! ನೀನೇ ಏನೋ ಅಂದಿರ್ಬೇಕು."

ಇಬ್ಬರಿಗೂ ಉಪ್ಪಿಗೆ, ಕಿಟಕಿಗೆ, ಫ್ಯಾನಿಗೆ ಎಲ್ಲದಕ್ಕೂ ಜಗಳ. ಆದರೆ ಮೇಲೆ ಉಳಿದುಕೊಂಡಿದ್ದ ಆ ಎರಡು ನಿಮಿಷದ ವಿಷಯ ಬಂದರೆ ಇಬ್ಬರೂ ಮೆತ್ತಗಾಗುತ್ತಿದ್ದರು. ಅಕ್ಕ ಪಾತ್ರೆ ಒರೆಸುತ್ತ ಊಹೆ ಮಾಡುತ್ತಿದ್ದರು. ಹೆಸರು ಬರೆದಿರಬಹುದು. ಗಡಿಯಾರದ ಮುಳ್ಳಿನ ಹಾಗೆ ತಾಳ ಹಾಕಿರಬಹುದು. ಅಯಸ್ಕಾಂತ ಹತ್ತಿರ ತಂದರೆ ಗೆರೆ ಏರುತ್ತದೆ, ದೂರ ಒಯ್ದರೆ ಇಳಿಯುತ್ತದೆ, ಕೈ ನಡುಗಿದರೆ ನಡುಕವೂ ಕಾಣುತ್ತದೆ. "ಅವರಿಗೆ ಎಡಗೈ ಸ್ವಲ್ಪ ನಡುಗ್ತಿತ್ತು ಕಣೇ. ಅದೂ ಇರುತ್ತೆ ಅದ್ರಲ್ಲಿ" ಎಂದು ಒಮ್ಮೆ ನನ್ನೊಡನೆ ಹೇಳಿ, ಒರೆಸಿದ ಲೋಟವನ್ನೇ ಮತ್ತೆ ಒರೆಸಿದರು. ಮಾತು ಓದಬೇಕೆಂಬುದಕ್ಕಿಂತ ಅವರಿಗೆ ಆ ನಡುಕ ಬೇಕಾಗಿತ್ತು ಎಂದು ನನಗೆ ಅವತ್ತು ತಿಳಿಯಿತು.

ಈ ವರ್ಷ ನೌಕೆಯ ಬ್ಯಾಟರಿ ಕೈಕೊಟ್ಟಿತು. ಬಾಲದ ತಿಂಗಳಲ್ಲಿ ನೌಕೆ ಭೂಮಿಯ ನೆರಳಿನೊಳಗೆ ಗಂಟೆಗಟ್ಟಲೆ ಹಾಯಬೇಕು. ಆ ಹೊತ್ತು ಬಿಸಿಲಿಲ್ಲ, ಬ್ಯಾಟರಿಯೇ ಗತಿ. ಈ ಸಲದ ಉದ್ದ ನೆರಳನ್ನು ದಾಟಿ ಅದು ಏಳುವುದಿಲ್ಲ ಎಂದು ಎಂಜಿನಿಯರುಗಳು ಲೆಕ್ಕ ಹಾಕಿ ಹೇಳಿಬಿಟ್ಟರು. ನೆರಳಿಗೆ ಹೋಗುವ ಮುಂಚೆ ಕೊನೆಯದಾಗಿ ಒಂದು ಸಲ ಇಳಿಸಿಕೊಳ್ಳಬಹುದು. ಉಳಿದ ಶಕ್ತಿಯಲ್ಲಿ ಸೂಕ್ಷ್ಮ ದಾಖಲೆ ಮೂರು ನಿಮಿಷದಷ್ಟು ಬಂದರೆ ಹೆಚ್ಚು.

ದೊಡ್ಡ ಸಾರ್ ಅಕ್ಕನನ್ನು ಕೋಣೆಗೆ ಕರೆದರು. ನಾನೂ ಫೈಲ್ ಹಿಡಿದುಕೊಂಡು ಹಿಂದೆಯೇ ಹೋದೆ, ಫೈಲಿನಲ್ಲಿ ಏನೂ ಇರಲಿಲ್ಲ. "ಈ ಸಲ ಏನೂ ವಿಶೇಷ ಸಿಕ್ಕಿಲ್ಲ. ಆ ಮೂರು ನಿಮಿಷ ನಿಮ್ಮದು. ಮೇಸ್ತ್ರಿ ಬರ್ದಿರೋದನ್ನ ತರಿಸ್ಕೊಳಿ" ಎಂದರು. ಅಕ್ಕ, "ಬೇಡ ಸಾರ್, ಸರಿಯಾಗಲ್ಲ" ಎಂದರು. ಸಾರ್ ಅವತ್ತು ಮೊದಲ ಸಲ ದನಿ ಎತ್ತಿ, "ಹದಿನೈದು ವರ್ಷ ಆಯ್ತಮ್ಮ. ಸಾಕು ಇನ್ನು" ಎಂದರು. ಅಕ್ಕ ತಲೆಯಾಡಿಸಿ ಒಪ್ಪಿಕೊಂಡರು.

ಆ ಸಂಜೆ ನಾವು ಮನೆಯವರೆಗೆ ಓಡಿದೆವು ಎಂದೇ ಹೇಳಬೇಕು. ಅಜ್ಜಿ ವಿಷಯ ಕೇಳಿ, ಕನ್ನಡಕದ ಗಾಜು ಬದಲಾಯಿಸಬೇಕು, ಈ ಗಾಜಿನಲ್ಲಿ ಗೆರೆಗಿರೆ ಕಾಣುವುದಿಲ್ಲ ಎಂದು ಹಟ ಹಿಡಿದಳು. ಮಾರನೆಯ ದಿನವೇ ಅಂಗಡಿಗೆ ಕರೆದುಕೊಂಡು ಹೋಗಿ ಬದಲಾಯಿಸಿಕೊಂಡು ಬಂದೆ. ಅಕ್ಕ ಹಳೆಯ ಗುರುತನ್ನು ಅಳಿಸಿ ಆ ತುಣುಕಿಗೆ ಅಂಕ ಹಾಕಿದರು. ನೂರು ಹಾಕಲು ನಾಚಿಕೊಂಡು ತೊಂಬತ್ತೊಂಬತ್ತು ಹಾಕಿದರು. ಆ ಒಂದು ವಾರ ಅವರು ಕಾರಿಡಾರಿನಲ್ಲಿ ಗುನುಗುತ್ತ ನಡೆದದ್ದನ್ನು ಆಫೀಸೆಲ್ಲ ನೋಡಿತು.

ಕೊನೆಯ ಇಳಿಕೆ ಒಂದು ಮಧ್ಯಾಹ್ನ ಎರಡಕ್ಕೆ. ಬೆಳಗ್ಗೆ ಎಂಟೂವರೆಗೆ ಎಂದಿನಂತೆ ಹಿಂದಿನ ದಿನದ ಒರಟು ಗೆರೆ ಬಂತು. ನಾನು ಚಹಾ ತಂದಿಟ್ಟು ಪಕ್ಕದಲ್ಲಿ ಕೂತಿದ್ದೆ. ಅಕ್ಕ ಗೆರೆಯನ್ನು ಸರಿಸುತ್ತ ಸರಿಸುತ್ತ ಒಂದು ಕಡೆ ನಿಲ್ಲಿಸಿದರು. ರಭಸ ಆಚೆಗೆ. ಆಮೇಲೆ ಸಪ್ಪೆ. ಆಮೇಲೆ ರಭಸ ಭೂಮಿಯ ಕಡೆಗೆ. ಸಪ್ಪೆ ಎರಡು ನಿಮಿಷ ನಲವತ್ತು ಸೆಕೆಂಡು.

ಅಕ್ಕ ಸಾರ್‌ಗೆ ಹೇಳಿಕಳಿಸಿದರು. ಸಾರ್ ಬಂದರು, ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಆ ಜಾಗಕ್ಕಾಗಿ ಅವರೂ ಅಷ್ಟೇ ವರ್ಷ ಕಾದವರು. "ನಾನು ಕೊಟ್ಟ ಮಾತು ಕೊಟ್ಟಿದ್ದೇ. ನಿಮ್ಮಿಷ್ಟ" ಎಂದು ಹೇಳಿ ಕಿಟಕಿಯ ಹತ್ತಿರ ಹೋಗಿ ನಿಂತರು.

"ಅರ್ಧ ಅರ್ಧ ಮಾಡೋಣ" ಎಂದೆ ನಾನು.

"ತುಣುಕು ಬಂದ್ರೆ ಇಡಿಯಾಗಿ ಬರುತ್ತೆ, ಇಲ್ಲಾಂದ್ರೆ ಇಲ್ಲ. ನಿಂಗೆ ಗೊತ್ತಲ್ಲ."

ಗೊತ್ತಿತ್ತು. ಆದರೂ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಅಕ್ಕ, ಇದು ಅನ್ಯಾಯ. ಬಾಲ ಇನ್ನೂ ಕೋಟಿ ವರ್ಷ ಇರುತ್ತೆ. ಯಾರೋ ಇನ್ನೊಂದು ನೌಕೆ ಕಳಿಸ್ತಾರೆ, ಈ ಜಾಗ ಮತ್ತೆ ಸಿಗುತ್ತೆ. ಅವರ ಕೈ ಮತ್ತೆ ಸಿಗುತ್ತಾ? ಒಂದು ದಿನ ಸ್ವಾರ್ಥಿ ಆಗಿ, ಪ್ರಪಂಚ ಮುಳುಗಲ್ಲ!" ಕಿಟಕಿಯ ಹತ್ತಿರ ನಿಂತಿದ್ದ ಸಾರ್ ಇದನ್ನು ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ ಎಂದೇ ಹೇಳಿದೆ.

ಚಹಾದ ಮೇಲೆ ಕೆನೆ ಕಟ್ಟಿತು. ಕೊನೆಗೆ ಅಕ್ಕ ಅಂದರು, "ಹದಿನಾಲ್ಕು ತಿಂಗಳು ಕೂತು ಸುತ್ತಿದ್ರು ಅದನ್ನ. ಹನ್ನೊಂದು ಸಲ ಹಾಳಾದಾಗ್ಲೂ ಅಳಲಿಲ್ಲ, ನಾನು ಅತ್ತಿದ್ದೆ. ಅದೆಲ್ಲಾ ಆ ಸುರುಳಿ ಇದನ್ನ ನೋಡ್ಲಿ ಅಂತ ತಾನೆ? ನನ್ನ ಹತ್ರ ತಮಾಷೆ ಮಾಡಿದ್ದು ಎರಡು ನಿಮಿಷ. ಒಂದ್ಸಲ ಅವರ ಸುರುಳಿ ಕಂಡಿದ್ದನ್ನ ನಾನೇ ಅಳಿಸಿದೀನಿ. ಇನ್ನೊಂದ್ಸಲ ಅಳಿಸೋಕೆ ಕೈ ಬರಲ್ಲ ಕಣೇ."

ಸಪ್ಪೆ ಭಾಗಕ್ಕೆ ನೂರು ಹಾಕಿದರು. ಈ ಸಲ ನಾಚಲಿಲ್ಲ.

ಎರಡು ಗಂಟೆಗೆ ದಾಖಲೆ ಇಳಿಯತೊಡಗಿತು. ಒರಟು ಗೆರೆಯಲ್ಲಿ ಏನೂ ಇಲ್ಲದಂತೆ ಕಂಡ ಆ ಎರಡು ನಿಮಿಷ ನಲವತ್ತು ಸೆಕೆಂಡು, ಮೇಸ್ತ್ರಿಯ ಸುರುಳಿಯಲ್ಲಿ ಕಿಕ್ಕಿರಿದು ತುಂಬಿತ್ತು. ಸಣ್ಣ ಅಲೆಯೊಳಗೆ ಇನ್ನೂ ಸಣ್ಣ ಅಲೆ, ನಡುವೆ ಒಂದು ಕಡೆ ಎಲ್ಲವೂ ಒಟ್ಟಿಗೆ ಎದ್ದು ಬಿದ್ದ ಗುರುತು. ಸಾರ್ ಕುರ್ಚಿ ಹಿಡಿದುಕೊಂಡು, "ಒಂದು ಸುತ್ತೂ ಸಡಿಲ ಆಗಿಲ್ಲ, ನೋಡಿ. ಹದಿನೇಳು ವರ್ಷ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ನಕ್ಕರು, ಆದರೆ ಕಣ್ಣು ಪರದೆಯ ಮೂಲೆಯ ಪಟ್ಟಿಯ ಮೇಲಿತ್ತು. ಅಲ್ಲಿ ಇಳಿಯದೆ ಉಳಿದ ತುಣುಕುಗಳ ಸಾಲಿನಲ್ಲಿ ಎಲ್ಲಕ್ಕಿಂತ ಹಳೆಯ ತಾರೀಕಿನದು ಮೇಲುಗಡೆ ಇತ್ತು. ನಾಲ್ಕೂ ಹತ್ತಕ್ಕೆ ನೌಕೆ ನೆರಳು ಹೊಕ್ಕಿತು. ಮಾರನೆಯ ದಿನ ಬೆಳಗ್ಗೆ ಅದು ಆಚೆ ಬರಬೇಕಾದ ಹೊತ್ತಿನಿಂದ ಸಂಜೆಯವರೆಗೆ ಕರೆದೆವು. ಉತ್ತರ ಬರಲಿಲ್ಲ.

ಆ ಸಂಜೆ ಅಕ್ಕ, ರೇಖೆಗಳು ಕೂಡುವ ಜಾಗದ ಗೆರೆಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಮನೆಗೆ ಹೊರಟರು. ಹಿಂದಿನ ದಿನವೆಲ್ಲ ಅಜ್ಜಿಗೆ ಏನೂ ಹೇಳಿರಲಿಲ್ಲ, ನಾಳೆ ನಾಳೆ ಎಂದಿದ್ದರು. ಅಜ್ಜಿ ತಲೆ ಬಾಚಿಕೊಂಡು, ಹೊಸ ಗಾಜಿನ ಕನ್ನಡಕ ಹಾಕಿಕೊಂಡು ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. ಕಾಗದ ಕೈಗೆ ಬಂದದ್ದೇ ಗೆರೆಯ ಮೇಲೆ ಬೆರಳಾಡಿಸಿದಳು.

"ಇದೇನಾ ಅವನು ಬರ್ದಿರೋದು?"

ಹೌದು ಅಂದುಬಿಡಿ ಅಕ್ಕ, ಹೌದು ಅಂದುಬಿಡಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಸುಳ್ಳು ಹೇಳಲು ನನಗಾದರೆ ಒಂದು ನಿಮಿಷ ಸಾಕಿತ್ತು.

"ಅಲ್ಲ ಅತ್ತೆ. ಅವರ ಸುರುಳಿ ನೋಡಿದ್ದು ಇದು. ಬರ್ದಿದ್ದನ್ನ ತರಿಸ್ಲಿಲ್ಲ."

"ಯಾಕೆ? ಜಾಗ ಇರ್ಲಿಲ್ವಾ?"

"ಇತ್ತು. ನಾನೇ ಇದಕ್ಕೆ ಕೊಟ್ಟೆ."

ಅಜ್ಜಿ ಕಾಗದವನ್ನು ತೊಡೆಯ ಮೇಲಿಟ್ಟಳು. "ನನ್ನನ್ನ ಒಂದು ಮಾತು ಕೇಳ್ಬೇಕಿತ್ತಲ್ಲ. ನಿಂಗೆ ಗಂಡ ಆದ್ರೆ ನಂಗೆ ಮಗ ಅಲ್ವಾ ಅವನು?"

ಹಿಂದಿನ ದಿನ ಅಷ್ಟು ವಾದ ಮಾಡಿದ ನನಗೂ ಇದು ಹೊಳೆದಿರಲಿಲ್ಲ. ಅಕ್ಕ, "ತಪ್ಪಾಯ್ತು ಅತ್ತೆ" ಎಂದರು. ನಾನು ಮೆಲ್ಲಗೆ ಬಾಗಿಲ ಕಡೆ ಸರಿದು ಚಪ್ಪಲಿ ಹುಡುಕತೊಡಗಿದೆ.

ಅಷ್ಟರಲ್ಲಿ ಅಜ್ಜಿಯೇ ಕೇಳಿದಳು, "ಏನ್ ಬರ್ದಿದ್ದ ಅಂತ ನಿಂಗನ್ಸುತ್ತೆ?"

"ಏನೂ ಬರ್ದಿರಲ್ಲ ಅತ್ತೆ. ಸುಮ್ನೆ ಕೈ ಆಡಿಸಿ ನನ್ನನ್ನ ಮಂಗ ಮಾಡಿರ್ತಾರೆ. ನಿಮ್ಮ ಮಗ ತಾನೆ."

ಅಜ್ಜಿಗೆ ನಗು ಬಂತು. "ಹೂಂ, ಅಂಥವನೇ ಅವನು" ಎಂದು ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡಳು. ಅಕ್ಕನೂ ನಕ್ಕರು. ನಗುತ್ತಲೇ ಅತ್ತೆಯ ಕಾಲ ಬಳಿ ನೆಲದ ಮೇಲೆ ಕುಸಿದು ಕೂತರು. ಎಂಟು ವರ್ಷದಲ್ಲಿ ಅವರು ತಮಗಾಗಿ ಏನಾದರೂ ಬೇಕು ಎಂದದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

"ಆದ್ರೂ ನೋಡ್ಬೇಕಿತ್ತು ಅತ್ತೆ," ಎಂದರು ಅಕ್ಕ. "ಒಂದೇ ಒಂದ್ಸಲ ನೋಡ್ಬೇಕಿತ್ತು."